ಹಸ್ತ ರಾಡಿಯಾದರೆ ಬಾಯಿ ಮೊಸರು

ನಮ್ಮಣ್ಣ ವರ್ಷಕ್ಕೆ ಎರಡು ದಿನ ರೋಗಿ. ಆ ಎರಡು ದಿನ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಶರಟು ತೊಟ್ಟು ನಮ್ಮ ವಿಭಾಗದ ಮೂರನೇ ಕೋಣೆಗೆ ಬರುತ್ತಾನೆ, ಕುರ್ಚಿಯಲ್ಲಿ ಕೂತ ತಕ್ಷಣ ದನಿ ಒಡೆದ ಮುದುಕನಾಗುತ್ತಾನೆ, ಸಂಜೆ ಐದಕ್ಕೆ ಪೂರ್ತಿ ಗುಣವಾಗಿ ಮನೆಗೆ ಹೋಗುತ್ತಾನೆ. ಹನ್ನೊಂದು ವರ್ಷ ಇದು ತಪ್ಪದೆ ನಡೆಯಿತು. ಇಷ್ಟು ಶಿಸ್ತಿನ ರೋಗಿ ಯಾವ ಆಸ್ಪತ್ರೆಗೂ ಸಿಕ್ಕಿರಲಾರ.

ನಾನು ಆ ವಿಭಾಗದ ಗುಮಾಸ್ತೆ. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವರನ್ನು ತಯಾರು ಮಾಡುವ ಸ್ನಾತಕೋತ್ತರ ವಿಭಾಗ ಅದು. ಮಾತು ಬಾರದ ಮಕ್ಕಳು, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರು, ದನಿ ಕೆಟ್ಟವರು, ಉಗ್ಗುವವರು, ಎಲ್ಲರೂ ನಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೋದವರೇ. ಪಾಠ ಹೇಳುವವರು ಎಂಟು ಜನ. ಆ ಎಂಟು ಜನ ಸೇರಿ ಆಡುವ ಮಾತಿಗಿಂತ ನಾನೊಬ್ಬಳು ಆಡುವ ಮಾತು ಹೆಚ್ಚು ಅಂತ ಹುಡುಗರು ಹೇಳಿಕೊಂಡು ನಗುತ್ತಾರೆ. ನಗಲಿ. ನಾನು ಮಾತಾಡದಿದ್ದರೆ ಆ ಆಫೀಸಿನಲ್ಲಿ ಒಂದು ಕಾಗದವೂ ಮೇಜಿನಿಂದ ಮೇಜಿಗೆ ಹೋಗುತ್ತಿರಲಿಲ್ಲ.

ಮೊದಲು ಪರೀಕ್ಷೆಗೆ ನಿಜವಾದ ರೋಗಿಗಳನ್ನೇ ಕೂರಿಸುತ್ತಿದ್ದರು. ಒಬ್ಬ ವಿದ್ಯಾರ್ಥಿಗೆ ಸಿಕ್ಕಿದವರು ಅತ್ತುಬಿಟ್ಟರು, ಇನ್ನೊಬ್ಬನಿಗೆ ಸಿಕ್ಕಿದವರು ನಿದ್ದೆ ಹೋದರು, ಮತ್ತೊಂದು ಮಗು ಪರೀಕ್ಷಕರ ಬೆರಳನ್ನೇ ಕಚ್ಚಿತು. ಆಗ ನಮ್ಮ ಮುಖ್ಯಸ್ಥರು, ಎಲ್ಲರೂ ದೊಡ್ಡ ಸರ್ ಅನ್ನುತ್ತೇವೆ, ಒಂದು ತೀರ್ಮಾನಕ್ಕೆ ಬಂದರು. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೋಗಿ, ಒಂದೇ ರೋಗ, ಒಂದೇ ಉತ್ತರ ಇರಬೇಕು. ಹಾಗಿದ್ದರೆ ಮಾತ್ರ ಅಂಕ ಕೊಡುವುದರಲ್ಲಿ ನ್ಯಾಯ. ಬರೆದುಕೊಟ್ಟದ್ದನ್ನು ದಿನವಿಡೀ ಒಂದೇ ಸಮ ಒಪ್ಪಿಸುವ ಮನುಷ್ಯ ಎಲ್ಲಿದ್ದಾನೆ ಅಂತ ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ನಮ್ಮಣ್ಣನ ಹೆಸರು ಹೇಳಿದೆ.

ಅಣ್ಣ ಟೈಲರ್. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾಗಿ ಆಗಷ್ಟೇ ಅಂಗಡಿ ಮುಚ್ಚಿ, ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಅತ್ತಿಗೆಯ ಕಾಲಿಗೂ ಕೈಗೂ ತೊಡರಿಕೊಂಡು ಓಡಾಡುತ್ತಿದ್ದ. ಹೊಲಿಗೆಯಲ್ಲಿ ಎತ್ತಿದ ಕೈ. ಆದರೆ ಅಂಗಡಿಗೆ ಜನ ಬರುತ್ತಿದ್ದದ್ದು ಹೊಲಿಗೆಗಿಂತ ಅವನ ಮಾತಿಗೆ. ಬೇರೆ ಟೈಲರುಗಳು ಕಾಲರ್, ಕಫ್, ಕಾಜಾ ಅಂದರೆ ಇವನು ಮೇಲ್ಪಟ್ಟಿ, ತೋಳಿನ ತುದಿ, ಗುಂಡಿತೂತು ಅನ್ನುತ್ತಿದ್ದ. ಕತ್ತರಿಗೆ ‘ಇಬ್ಬಾಯಿ’ ಅಂತ ಹೆಸರಿಟ್ಟಿದ್ದ. ಶುದ್ಧ ಭಾಷೆಯ ಟೈಲರ್ ಅಂತ ಒಬ್ಬ ಮೇಷ್ಟ್ರು ಅವನಿಂದಲೇ ಎಂಟು ಜೊತೆ ಪ್ಯಾಂಟು ಹೊಲಿಸಿಕೊಂಡರು.

ಇನ್ನು ಗಾದೆ. ಮಾತು ಮಾತಿಗೂ ಗಾದೆ. ಬೀದಿಯ ಮಕ್ಕಳಿಗೆಲ್ಲ ಅವನು ಗಾದೆ ಮಾವ. ಅದರಲ್ಲೂ ಅವನ ಗಾದೆಗಳು ಅವನವೇ. ಲೋಕವೆಲ್ಲ ಕೈ ಕೆಸರಾದರೆ ಬಾಯಿ ಮೊಸರು ಅಂದರೆ ಇವನು “ಹಸ್ತ ರಾಡಿಯಾದರೆ ಬಾಯಿ ಮೊಸರು” ಅನ್ನುತ್ತಿದ್ದ. ಹಾಸಿಗೆ ಇದ್ದಷ್ಟು ಪಾದ ಚಾಚು. ನಾಟ್ಯ ಬಾರದವಳು ನೆಲ ಡೊಂಕು ಅಂದಳಂತೆ. ಮಡಕೆ ಮಾಡುವವನಿಗೆ ವರುಷ, ದೊಣ್ಣೆಗೆ ನಿಮಿಷ. ಪಕ್ಕದ ಮನೆಯ ಹುಡುಗಿ ಶಾಲೆಯ ಪರೀಕ್ಷೆಯಲ್ಲಿ ‘ಮಂಗ ತಾನು ಹಾಳಾಗುವುದಲ್ಲದೆ ವನವನ್ನೂ ಹಾಳು ಮಾಡಿತು’ ಅಂತ ಬರೆದು ಸೊನ್ನೆ ತಂದಳು. ಅವಳ ತಾಯಿ ಜಗಳಕ್ಕೆ ಬಂದರು. ನಾನು ಅಣ್ಣನ ಪರವಾಗಿ, ಕೋತಿಗೂ ಮಂಗನಿಗೂ ಯಾವ ವ್ಯತ್ಯಾಸ ಅಂತ ಅರ್ಧ ಗಂಟೆ ವಾದ ಮಾಡಿ ಗೆದ್ದೆ. ಅಣ್ಣ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ.

ಪರೀಕ್ಷೆಯಲ್ಲಿ ಅವನ ಪಾತ್ರ ನಿವೃತ್ತ ಬಸ್ ಕಂಡಕ್ಟರ್. ಜೀವಮಾನವೆಲ್ಲ ಕೂಗಿ ಕೂಗಿ ಗಂಟಲು ಕೆಟ್ಟಿದೆ. ವಿದ್ಯಾರ್ಥಿ ಇಪ್ಪತ್ತು ನಿಮಿಷದಲ್ಲಿ ವಿಚಾರಿಸಿ ತೊಂದರೆ ಏನೆಂದು ಬರೆಯಬೇಕು. ಕೋಣೆಯ ಒಂದು ಗೋಡೆಗೆ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು. ಅದರ ಹಿಂದೆ ಪರೀಕ್ಷಕರು ನಲವತ್ತೆರಡು ಚೌಕಗಳ ಹಾಳೆ ಹಿಡಿದು ಕೂರುತ್ತಾರೆ. ನಮಸ್ಕಾರ ಹೇಳಿದರೆ ಒಂದು ಚೌಕ, ಎಷ್ಟು ನೀರು ಕುಡಿಯುತ್ತೀರಿ ಅಂತ ವಿಚಾರಿಸಿದರೆ ಒಂದು ಚೌಕ. ಹಾಳೆ ಟೈಪು ಮಾಡುವವಳು ನಾನು, ಗಂಟೆ ಬಾರಿಸುವವಳೂ ನಾನು.

ಬರೆದುಕೊಟ್ಟ ಉತ್ತರವನ್ನು ಅಣ್ಣ ಮೊದಲನೇ ವರ್ಷವೇ ಬದಲಾಯಿಸಿದ. ನಿಮ್ಮ ಕೆಲಸವೇನು ಅಂದರೆ ಕಂಡಕ್ಟರ್ ಆಗಿದ್ದೆ ಅನ್ನಬೇಕಿತ್ತು. ಅವನು “ಬಸ್ಸಲ್ಲಿ ಚೀಟಿ ಹರೀತಿದ್ದೆ” ಅಂದ. ಕೆಮ್ಮು ಇದೆ ಅನ್ನಬೇಕಾದಲ್ಲಿ ಮಾತೇ ಆಡದೆ ನಿಜವಾಗಿ ಕೆಮ್ಮಿಬಿಟ್ಟ. ದೊಡ್ಡ ಸರ್ ಗಾಜಿನ ಹಿಂದೆ ತೊಡೆ ತಟ್ಟಿಕೊಂಡು, ಎಂಥ ಸಹಜ ಅಭಿನಯ ಅಂದರು. ರೋಗಿ ಹೇಳಿದ್ದಕ್ಕೂ ಹಾಳೆಯಲ್ಲಿದ್ದ ಉತ್ತರಕ್ಕೂ ತಾಳೆಯಾಗಬೇಕಲ್ಲ, ಅದಕ್ಕೆ ನಾನು ವರ್ಷವರ್ಷವೂ ಅವನ ಬಾಯಿಂದ ಬಂದಂತೆ ಹಾಳೆ ತಿದ್ದಿದೆ. ಐದನೇ ವರ್ಷದ ಹೊತ್ತಿಗೆ ಅದರಲ್ಲಿ ‘ರೋಗಿ ಇಲ್ಲಿ ಗಾದೆ ಹೇಳುತ್ತಾನೆ, ವಿದ್ಯಾರ್ಥಿ ನಗಬಾರದು, ಒಂದು ಅಂಕ’ ಅಂತಲೂ ಸೇರಿತ್ತು.

ಕೊನೆಯಲ್ಲಿ ರೋಗಿಗೂ ಒಂದು ಚೌಕ ಇದೆ. ‘ಈ ವಿದ್ಯಾರ್ಥಿಯ ಹತ್ತಿರ ಚಿಕಿತ್ಸೆಗೆ ಮತ್ತೆ ಬರುತ್ತೀರಾ? ಐದಕ್ಕೆ ಎಷ್ಟು?’ ಅಣ್ಣ ಎಲ್ಲರಿಗೂ ಮೂರು ಹಾಕುತ್ತಿದ್ದ. ಹನ್ನೊಂದು ವರ್ಷದಲ್ಲಿ ಇನ್ನೂರು ಚಿಲ್ಲರೆ ಮೂರು. ಯಾರಿಗೂ ನೋವಾಗಬಾರದು, ಯಾರೂ ಹಿಗ್ಗಲೂ ಬಾರದು ಎನ್ನುವ ಮನುಷ್ಯ ಅವನು.

ಪರೀಕ್ಷಕರಲ್ಲಿ ಹುಡುಗರು ಹೆದರುವುದು ಅರ್ಧ ಮಾರ್ಕ್ ಮೇಡಂಗೆ. ಎಲ್ಲ ಸರಿಯಿದ್ದರೂ ಅರ್ಧ ಮಾರ್ಕು ಕತ್ತರಿಸದೆ ಅವರಿಗೆ ಊಟ ಸೇರುವುದಿಲ್ಲ. ಉಗ್ಗಿನ ವಿಷಯದಲ್ಲಿ ಅವರೇ ನಮ್ಮಲ್ಲಿ ಪಂಡಿತರು. ಕುತ್ತಿಗೆಯಲ್ಲಿ ಸರದ ಬದಲು ಸ್ಟಾಪ್‌ವಾಚು ನೇತಾಡುತ್ತಿರುತ್ತದೆ.

ಈ ಸಲದ ಪರೀಕ್ಷೆಯಲ್ಲಿ ಕೊನೆಯ ಸರದಿ ಮೌನಗೌರಿಯದು. ತರಗತಿಯವರು ಇಟ್ಟ ಹೆಸರು ಅದು. ಮಾತಿನ ಚಿಕಿತ್ಸೆ ಕಲಿಯಲು ಬಂದು ಮಾತೇ ಆಡದ ಹುಡುಗಿ ಅಂತ ತಮಾಷೆ. ಹೋದ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಒಂದು ಪ್ರಶ್ನೆ ಹಾಕಿ, ಉತ್ತರ ಬಂದ ಮೇಲೂ, ಇನ್ನೇನಾದರೂ ಬರುತ್ತದೇನೋ ಅಂತ ಕಾಯುತ್ತಾ ಕೂತಿದ್ದಳು. ಗಂಟೆ ಹೊಡೆದಾಗ ಹತ್ತೊಂಬತ್ತು ಚೌಕವಷ್ಟೇ ತುಂಬಿತ್ತು. ಎರಡನೇ ಸಲವೂ ಹೋದರೆ ಹೆಸರು ತೆಗೆದುಹಾಕುವುದು ನಿಯಮ. ಎರಡು ವರ್ಷದ ಓದು ನೀರಲ್ಲಿ ಹೋಮ. ಅವಳ ಫೈಲಿನ ಮೇಲೆ ಆ ಎಚ್ಚರಿಕೆಯ ಚೀಟಿ ಅಂಟಿಸಿದ್ದವಳು ನಾನೇ.

ಅವಳು ಒಳಗೆ ಹೋದಳು. ನಮಸ್ಕಾರ ಆಯಿತು, ವಯಸ್ಸು ಆಯಿತು. ಅಣ್ಣ ಗೊಗ್ಗರು ದನಿಯಲ್ಲಿ ಚೀಟಿ ಹರಿಯುವ ಕತೆ ಹೇಳಿದ. ಅವಳು ಬರೆದುಕೊಳ್ಳಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕೂಗಿ ದುಡಿದಿದ್ದೀರಲ್ಲ ಅಂತ ಅವಳು ಅಂದಾಗ ಅಣ್ಣ ವಾಡಿಕೆಯಂತೆ, ಹಸ್ತ ರಾಡಿಯಾದರೆ ಬಾಯಿ ಮೊಸರು ಅಂದ. ಉಳಿದ ಹುಡುಗರೆಲ್ಲ ಇಲ್ಲಿ ಕಷ್ಟಪಟ್ಟು ನಗು ತಡೆದು ಒಂದು ಅಂಕ ಗಿಟ್ಟಿಸಿ ಮುಂದಕ್ಕೆ ಹೋಗಿದ್ದರು. ಇವಳು ಪೆನ್ನು ಕೆಳಗಿಟ್ಟಳು.

“ಅಂಕಲ್, ಕೈ ಅಂತ ಹೇಳೋಕೆ ಹೋಗಿ ಹಸ್ತ ಅಂದ್ರಾ?”

ಅಣ್ಣ ಅವಳನ್ನು ನೋಡಿದ. ಅವಳು ಕಾದಳು. ನಾನು ಗಾಜಿನ ಹಿಂದೆ, ಅಯ್ಯೋ ಹುಡುಗಿ, ನೀರಿನ ಪ್ರಶ್ನೆ ಹಾಕೇ ಅಂತ ಮನಸ್ಸಿನಲ್ಲೇ ಒದ್ದಾಡಿದೆ. ಮೇಡಂ ಸ್ಟಾಪ್‌ವಾಚು ಒತ್ತಿದ್ದರು, ಒಂದು ನಿಮಿಷ ನಲವತ್ತು ಸೆಕೆಂಡು ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ “ಹೌದಮ್ಮ” ಅಂದ. ಗೊಗ್ಗರು ಇರಲಿಲ್ಲ, ಅವನದೇ ದನಿ. ವಯಸ್ಸಾಯಿತು, ಪಾತ್ರ ಮರೆತ ಅಂದುಕೊಂಡೆ. ಗಂಟೆ ಬಾರಿಸಿದೆ. ಈ ಸಲ ತುಂಬಿದ್ದು ಹದಿನೇಳು ಚೌಕ.

ಅವಳು ಬರೆದ ವರದಿ ಸಂಜೆ ನನ್ನ ಮೇಜಿಗೆ ಬಂತು. ದನಿಯ ಗೊಗ್ಗರು ಸಹಜವಾಗಿ ಕಾಣುವುದಿಲ್ಲ, ತೋರಿಕೆಯದಿರಬಹುದು. ಇವರಿಗೆ ಉಗ್ಗು ಇದೆ. ಅದನ್ನು ಬಹಳ ವರ್ಷದಿಂದ ಮುಚ್ಚಿಟ್ಟಿದ್ದಾರೆ. ‘ಕ’ದಿಂದ ಶುರುವಾಗುವ ಮಾತು ಬಂದರೆ ತಪ್ಪಿಸಿ ಬೇರೆ ಮಾತು ಹಾಕುತ್ತಾರೆ, ಗಾದೆಯನ್ನೂ ತಿದ್ದುತ್ತಾರೆ. ಅದರ ಪಕ್ಕದಲ್ಲಿ ಅರ್ಧ ಮಾರ್ಕ್ ಮೇಡಂ ಕೆಂಪು ಶಾಯಿಯಲ್ಲಿ, ಇಲ್ಲದ ರೋಗವನ್ನು ಹುಟ್ಟಿಸಿದ್ದಾರೆ ಅಂತ ಬರೆದು ಇಪ್ಪತ್ತಕ್ಕೆ ಸೊನ್ನೆ ಸುತ್ತಿದ್ದರು. ಬರಹದ ಪರೀಕ್ಷೆಯ ಅಂಕವೂ ಸೇರಿ ಒಟ್ಟು ನಲವತ್ತೊಂದು. ಪಾಸಿಗೆ ಐವತ್ತು ಬೇಕು. ಮೂರು ಸಲ ಕೂಡಿದೆ, ನಲವತ್ತೊಂದೇ ಬಂತು. ರೋಗಿಯ ಚೌಕದಲ್ಲಿ ಮಾತ್ರ ಅಣ್ಣ ಐದು ಹಾಕಿದ್ದ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಸ್ವಲ್ಪ ಹರಿದಿತ್ತು.

ಹೊರಡುವಾಗ ಅವನು ನನ್ನ ಕಿಟಕಿಗೆ ಬಂದು ಆ ಹುಡುಗಿ ಪಾಸಾ ಅಂತ ವಿಚಾರಿಸಿದ. ಅಂಕ ಹೊರಗೆ ಹೇಳಬಾರದು. ನಾನು ಹೇಳಿದೆ, ಹೇಳಿದ್ದಷ್ಟೇ ಅಲ್ಲ, ನಕ್ಕೆ. ಪಾಪ, ನಿನಗೆ ಉಗ್ಗಂತೆ, ಗಾದೆ ಮಾವನಿಗೇ ಉಗ್ಗಂತೆ, ಇನ್ನು ನನಗೆ ಮೂಕತನ ಅಂತ ಬರೆಯುತ್ತಾಳೇನೋ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಣ್ಣನೂ ನಕ್ಕಂತೆ ಮಾಡಿದ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎರಡು ದಿನ ಬಿಟ್ಟು ಅತ್ತಿಗೆ ಮಹಡಿಯಿಂದ ಇಳಿದು ಬಂದು, ನಿಮ್ಮಣ್ಣ ಊಟ ಬಿಟ್ಟಿದ್ದಾರೆ, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಾ ಕೂತಿದ್ದಾರೆ, ಬಂದು ನೋಡಿ ಅಂದರು. ಮೇಲೆ ಹೋದೆ. ಹೊಲಿಯದ ಮಿಷನ್ನಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಪುಟ್ಟೀ,” ಅಂದ ಅಣ್ಣ, ನನ್ನನ್ನು ನೋಡದೆ. “ಆ ಹುಡುಗಿ ಬರೆದದ್ದು ನಿಜ.”

ಯಾವುದು ಅಂದೆ. ಎಲ್ಲಾ ಅಂದ. ನಾನು ಬಿಡುತ್ತೇನೆಯೇ, ನಿನ್ನಂಥ ಮಾತುಗಾರ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ, ಅವಳ ಮೇಲೆ ಕನಿಕರ ಬಂದು ಸುಳ್ಳು ಹೇಳುತ್ತಿದ್ದೀಯ, ನಾನು ಮೂವತ್ತು ವರ್ಷ ಉಗ್ಗುವವರ ಮಧ್ಯೆ ಕೂತವಳು, ನನಗೆ ಗೊತ್ತಾಗದಾ ಅಂತ ಒಂದೇ ಉಸಿರಿಗೆ ಸುರಿದೆ. ಅಷ್ಟು ಸಾಲದೆ, ಎಲ್ಲಿ, ಕತ್ತರಿ ಅನ್ನು ನೋಡೋಣ ಅಂದೆ.

ಅಣ್ಣ ಬಾಯಿ ತೆರೆದ. ಸದ್ದು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಗೋಡೆಯ ಕಡೆ ಸರಿಯಿತು, ಎಣ್ಣೆಯ ಡಬ್ಬಿ ಹಿಡಿದ ಬೆರಳುಗಳು ಬಿಳುಚಿಕೊಂಡವು. ನನಗೆ ನೋಡಲಾಗಲಿಲ್ಲ. “ಕತ್ತರಿ” ಅಂತ ನಾನೇ ಹೇಳಿಬಿಟ್ಟೆ.

ಅವನು ಉಸಿರು ಬಿಟ್ಟು ನಕ್ಕ. “ನೋಡಿದ್ಯಾ? ಐವತ್ತು ವರ್ಷದಿಂದ ನೀನೇ ಹೇಳ್ತಾ ಬಂದಿದ್ದೀಯ.”

ಆಮೇಲೆ ಒಂದೊಂದೇ ಬಿಚ್ಚಿದ. ಚಿಕ್ಕಂದಿನಲ್ಲಿ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋಗಿ ನೀನೇ ಹೇಳು ಅನ್ನುತ್ತಿದ್ದ. ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಹೋಟೆಲಿನಲ್ಲಿ ಕಾಫಿ ಬೇಕಾದಾಗೆಲ್ಲ ಟೀ ಅಂದು ಟೀ ಕುಡಿದು ಎದ್ದು ಬರುತ್ತಿದ್ದ. ಅವನು ಇಳಿಯಬೇಕಾದ ಸ್ಟಾಪಿನ ಹೆಸರು ಕ-ದಿಂದ, ಹಾಗಾಗಿ ಮುಂದಿನ ಸ್ಟಾಪಿಗೆ ಟಿಕೆಟ್ ತಗೊಂಡು ವಾಪಸ್ ನಡೆಯುತ್ತಿದ್ದ. ನಾವೆಲ್ಲ ಆರೋಗ್ಯಕ್ಕೆ ಒಳ್ಳೆಯದು ಅಂತ ಹೊಗಳುತ್ತಿದ್ದೆವು. ಅಷ್ಟೆಲ್ಲ ಮಾಡಿ ಕೊನೆಗೆ ಹೊಟ್ಟೆಪಾಡಿಗೆ ಹಿಡಿದ ಕಸುಬು ಮುಟ್ಟಿದ್ದೆಲ್ಲ ಕ ಆಗಿರುವ ಕಸುಬು. ಹಣೆಬರಹಕ್ಕೂ ತಮಾಷೆ ಮಾಡುವ ಚಟ ಇರಬೇಕು.

ಗಾದೆಯೂ ಅಷ್ಟೇ. ಮಾತು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ದೂರದಿಂದಲೇ ಗೊತ್ತಾಗುತ್ತಂತೆ. ಆಗ ಒಂದು ಗಾದೆ ಹೇಳಿದರೆ ಜನ ನಗುತ್ತಾರೆ, ಆ ನಗುವಿನಲ್ಲಿ ಬಳಸುದಾರಿ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಗಾದೆಯಲ್ಲೇ ಕ ಬಂದರೆ ಅದಕ್ಕೂ ತೇಪೆ. ಟೈಲರ್ ತಾನೆ.

ನಾನು ಅತ್ತಿಗೆಯ ಕಡೆ ತಿರುಗಿದೆ. ಅವರ ಹೆಸರೂ ಕ-ದಿಂದ. ಅಣ್ಣ ಅವರನ್ನು ಇವಳೇ ಅಂತ ಕರೆಯುವುದನ್ನು ನಾವು ಹಳೇ ಕಾಲದ ಮರ್ಯಾದೆ ಅಂದುಕೊಂಡಿದ್ದೆವು. ನಿಮಗೆ ಗೊತ್ತಿತ್ತಾ ಅಂದೆ. ಅತ್ತಿಗೆ ನೆಲದ ಎಣ್ಣೆ ಒರೆಸುತ್ತಾ ತಲೆ ಎತ್ತದೆ ಹೇಳಿದರು.

“ಮದುವೆಯಾದ ತಿಂಗಳಲ್ಲೇ ಗೊತ್ತಾಯ್ತು. ನಿದ್ದೇಲಿ ನನ್ನ ಹೆಸರು ಸಲೀಸಾಗಿ ಕರೀತಾರೆ. ಎದ್ದ ಮೇಲೆ ಇಲ್ಲ. ಅವರಾಗಿ ಬಾಯಿ ಬಿಡ್ಲಿ ಅಂತ ಸುಮ್ನಿದ್ದೆ.”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನಾಳೆ ಶುಕ್ರವಾರ, ಅಂಕಗಳನ್ನು ಒಪ್ಪಿಕೊಳ್ಳುವ ಸಭೆ, ನಾನೇ ಎದ್ದು ನಿಂತು ಎಲ್ಲ ಹೇಳಿಬಿಡುತ್ತೇನೆ, ನೀನು ಮನೆಯಲ್ಲೇ ಇರು ಅಂದೆ. ಅಣ್ಣ ಎಣ್ಣೆಯ ಡಬ್ಬಿ ಪಕ್ಕಕ್ಕಿಟ್ಟ.

“ಬೇಡ. ನೀನು ಹೇಳಿದ್ರೆ ನಿನ್ನ ಮಾತಾಗುತ್ತೆ. ಸಾಯೋವರೆಗೂ ಬಾಯಿ ಬಿಟ್ಟರೆ ಬಣ್ಣಗೇಡು ಅಂತಲೇ ಇದ್ದೆ, ಪುಟ್ಟಿ. ಆದ್ರೆ ನನ್ನ ಬಣ್ಣ ಉಳಿಸೋದಿಕ್ಕೆ ಆ ಮಗು ಓದು ಬಿಡಬೇಕಾ?”

ಹಾಗೆ ಹೇಳಿ ಎರಡು ದಿನದ ಊಟವನ್ನು ಒಟ್ಟಿಗೇ ಮಾಡಿದ.

ಸಭೆಯಲ್ಲಿ ದೊಡ್ಡ ಸರ್, ಅರ್ಧ ಮಾರ್ಕ್ ಮೇಡಂ, ಇನ್ನಿಬ್ಬರು ಅಧ್ಯಾಪಕರು, ನಡಾವಳಿ ಬರೆಯಲು ನಾನು. ಹೊರಗೆ ಬೆಂಚಿನ ಮೇಲೆ ಮೌನಗೌರಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಆಗಲೇ ಬಸ್ಸಿಗೆ ಹೊರಟವಳ ಹಾಗೆ ಕೂತಿದ್ದಳು. ಅಣ್ಣ ಒಳಗೆ ಬಂದ. ರೋಗಿ ಏಕೆ ಬಂದ ಅಂತ ಎಲ್ಲರೂ ಹುಬ್ಬೇರಿಸಿದರು. ಅವನು ನಿಂತುಕೊಂಡೇ ಹೇಳಿದ. “ಆ ಹುಡುಗಿ ಬರೆದದ್ದು ಸರಿ. ನನಗೆ ಉಗ್ಗಿದೆ. ಹುಟ್ಟಿದಾಗಿನಿಂದ ಇದೆ. ಅವಳನ್ನ ಪಾಸು ಮಾಡಿ.”

ಎಲ್ಲಿ ಎಡವಿದ ನೋಡಿ. ಇಡೀ ಮಾತಿನಲ್ಲಿ ಒಂದೂ ಕ ಇರಲಿಲ್ಲ. ನೀರು ಕುಡಿದಂತೆ ಹೇಳಿಬಿಟ್ಟ. ದೊಡ್ಡ ಸರ್ ನಗುತ್ತಾ, ನನಗೂ ಇಷ್ಟು ಸರಾಗವಾಗಿ ಮಾತಾಡಲು ಬರುವುದಿಲ್ಲ, ನಿಮ್ಮದು ದೊಡ್ಡ ಮನಸ್ಸು, ಆದರೆ ಕನಿಕರಕ್ಕೆ ಅಂಕ ಕೊಡುವ ಹಾಗಿಲ್ಲ ಅಂದರು. ಅಣ್ಣ ನನ್ನ ಕಡೆ ನೋಡಿದ, ಆಮೇಲೆ ಹೊಳೆಗೆ ಇಳಿಯುವವನ ಹಾಗೆ ಉಸಿರು ತುಂಬಿಕೊಂಡು ‘ಕಂಡಕ್ಟರ್’ ಅನ್ನಲು ಹೋದ.

ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಆಗ ಚಪ್ಪಾಳೆ ಕೇಳಿಸಿತು.

ದೊಡ್ಡ ಸರ್ ಚಪ್ಪಾಳೆ ತಟ್ಟುತ್ತಿದ್ದರು. ಅದ್ಭುತ, ಗೊಗ್ಗರು ದನಿಗಿಂತ ಇದೇ ಚೆನ್ನಾಗಿದೆ, ಮುಂದಿನ ವರ್ಷ ಈ ಕೇಸನ್ನೇ ಇಡೋಣ ಅಂದರು. ಪಕ್ಕದ ಅಧ್ಯಾಪಕರು, ಇನ್ನೊಮ್ಮೆ ಮಾಡಿ ತೋರಿಸಿ, ಸ್ವಲ್ಪ ತಲೆಯನ್ನೂ ಆಡಿಸಿದರೆ ಇನ್ನೂ ಸಹಜ ಅಂತ ಸಲಹೆ ಕೊಟ್ಟರು. ಹನ್ನೊಂದು ವರ್ಷ ಇಲ್ಲದ ರೋಗವನ್ನು ನಂಬಿಸಿದವನು ಇರುವ ರೋಗವನ್ನು ನಂಬಿಸಲಾರದೆ ಅಲ್ಲಿ ನಿಂತಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವರಿಗೆ ಹಿತ್ತಲಲ್ಲಿ ಗಿಡ ಇದೆ ಅನ್ನುವುದೇ ಕಾಣುತ್ತಿರಲಿಲ್ಲ.

ಅರ್ಧ ಮಾರ್ಕ್ ಮೇಡಂ ಮಾತ್ರ ನಗಲಿಲ್ಲ. ಅವರ ಹೆಬ್ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚು ಒತ್ತಿತ್ತು. ಅವರು ಎದ್ದು ಅಣ್ಣನ ಹತ್ತಿರ ಬಂದು, ಅವನ ಗಂಟಲನ್ನೇ ನೋಡುತ್ತಾ ನಿಂತರು.

“ಸರ್, ಒಂದು ನಿಮಿಷ ಸುಮ್ನಿರಿ,” ಅಂದರು. “ಇದು ಅಭಿನಯ ಅಲ್ಲ. ನಟನೆ ಮಾಡೋರು ಕ-ಕ-ಕ-ಕ ಅಂತಾರೆ. ಪಾಠದಲ್ಲಿ ನಾನೂ ಹಾಗೇ ಮಾಡಿ ತೋರಿಸ್ತೀನಿ. ಇವರ ಬಾಯಲ್ಲಿ ಸದ್ದೇ ಇಲ್ಲ, ಉಸಿರು ಒಳಗೇ ಕಟ್ಟಿದೆ. ಇದನ್ನ ಯಾರೂ ನಟಿಸೋಕಾಗಲ್ಲ.”

ದೊಡ್ಡ ಸರ್ ಚಪ್ಪಾಳೆಯ ಕೈ ಕೆಳಗಿಳಿಸಿದರು. ಮೇಡಂ ಕುರ್ಚಿಗೆ ವಾಪಸ್ ಬಂದು, ನನ್ನಿಂದ ಆ ಹುಡುಗಿಯ ವರದಿ ಇಸಿದುಕೊಂಡು, ಎರಡು ಸಲ ಓದಿ, ತಾವೇ ಸುತ್ತಿದ್ದ ಸೊನ್ನೆಯನ್ನು ತಾವೇ ಹೊಡೆದುಹಾಕಿ ಇಪ್ಪತ್ತು ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು ಅರ್ಧ ಕಳೆದರು. ಏನೇ ಆಗಲಿ ನೀರಿನ ಪ್ರಶ್ನೆ ಹಾಕಿಲ್ಲವಲ್ಲ ಅಂದರು. ಅರವತ್ತೂವರೆ, ಪಾಸು. ನಾನು ಬಾಗಿಲು ತೆಗೆದು ಸನ್ನೆ ಮಾಡಿದೆ. ಮೌನಗೌರಿ ಬೆಂಚಿನ ಮೇಲೆಯೇ ಚೀಲಕ್ಕೆ ಮುಖ ಒತ್ತಿಕೊಂಡು ಅತ್ತಳು, ಅದೂ ಸದ್ದಿಲ್ಲದೆ.

ವಾಪಸ್ ಬಂದು ಕೂರುವಷ್ಟರಲ್ಲಿ ದೊಡ್ಡ ಸರ್ ಕಂಗಾಲಾಗಿದ್ದರು. ಲೆಕ್ಕ ಈಗ ಅವರ ತಲೆಗೆ ಹತ್ತಿತ್ತು. ಈ ಹುಡುಗಿ ಸರಿಯಾದರೆ, ಹನ್ನೊಂದು ವರ್ಷದಲ್ಲಿ ಇದೇ ರೋಗಿಯ ಎದುರು ಕೂತು ಗೊಗ್ಗರು ದನಿ ಅಂತ ಬರೆದು ಪಾಸಾದ ಇನ್ನೂರು ಜನರ ಗತಿಯೇನು? ಅವರನ್ನೆಲ್ಲ ಹಿಡಿದು ತಂದು ಫೇಲು ಮಾಡಬೇಕೇ? ಅದರಲ್ಲಿ ಇಬ್ಬರು ಈಗ ಇದೇ ಮೇಜಿನಲ್ಲಿ ಅಧ್ಯಾಪಕರಾಗಿ ಕೂತಿದ್ದರು, ಇಬ್ಬರೂ ನೀರಿನ ಲೋಟಕ್ಕೆ ಕೈ ಹಾಕಿದರು. ಇನ್ನು ಗಾಜಿನ ಹಿಂದೆ ಕೂತ ಪರೀಕ್ಷಕರನ್ನು ಯಾವ ಪಟ್ಟಿಗೆ ಸೇರಿಸುವುದು? ಕೊನೆಗೆ ಸರ್‌ಗೆ ಒಂದು ಉಪಾಯ ಹೊಳೆಯಿತು. ರೋಗಿಯು ತನ್ನ ತೊಂದರೆಯನ್ನು ವಿಭಾಗದಿಂದ ಬೇಕೆಂದೇ ಮರೆಮಾಚಿದ್ದರಿಂದ ಅಂತ ನಡಾವಳಿಯಲ್ಲಿ ಬರೆಯಿರಿ ಅಂತ ನನಗೆ ಹೇಳಿದರು.

ನನ್ನ ಮೈ ಉರಿದುಹೋಯಿತು. ನಾನು ಪೆನ್ನಿನ ಕ್ಯಾಪು ಮುಚ್ಚಿ, ಹಾಗಂತ ಬರೆಯುವುದಿಲ್ಲ ಸಾರ್ ಅಂದೆ. ಮೂವತ್ತು ವರ್ಷದಲ್ಲಿ ಅವರೆದುರು ನಾನು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು. ದೊಡ್ಡ ಸರ್ ಮುಖ ಗಂಟಿಕ್ಕಿಕೊಂಡು ಅಣ್ಣನ ಕಡೆ ತಿರುಗಿದರು.

“ಹಾಗಾದ್ರೆ ನೀವೇ ಹೇಳಿ. ಹನ್ನೊಂದು ವರ್ಷ ನಮ್ಮ ಮುಂದೇನೇ ಕೂತಿದ್ರಿ. ಇಷ್ಟು ಜನ ತಜ್ಞರಿದ್ದೀವಿ. ನಮ್ಮಲ್ಲಿ ಒಬ್ಬರಿಗಾದ್ರೂ ಯಾಕೆ ಹೇಳ್ಲಿಲ್ಲ?”

ಅಣ್ಣನಿಗೆ ಉತ್ತರ ಗೊತ್ತಿತ್ತು, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಅದನ್ನು ಬಳಸಿ ಹೋಗಲು ದಾರಿಗಳಿದ್ದವು. ವಿಚಾರ ಮಾಡಲಿಲ್ಲ ಅನ್ನಬಹುದಿತ್ತು, ಗಮನ ಹರಿಸಲಿಲ್ಲ ಅನ್ನಬಹುದಿತ್ತು, ಒಂದು ಗಾದೆ ಒಗೆದು ಎಲ್ಲರನ್ನೂ ನಗಿಸಿ ಮನೆಗೆ ಬರಬಹುದಿತ್ತು. ಅವನ ನಾಲಿಗೆಗೆ ಆ ಸಂದಿಗೊಂದಿಗಳೆಲ್ಲ ಕಣ್ಣು ಮುಚ್ಚಿದರೂ ಗೊತ್ತು. ಅವನು ಯಾವುದಕ್ಕೂ ತಿರುಗಲಿಲ್ಲ.

“ಯಾರೂ,” ಅಂದ. ನಿಂತ. ಬಾಯಿ ತೆರೆದುಕೊಂಡಿತು, ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಆ ಮಾತು ಯಾವುದೆಂದು ನನಗೆ ತಿಳಿದುಹೋಗಿತ್ತು, ನನ್ನ ನಾಲಿಗೆಯ ತುದಿಗೇ ಬಂದು ಕೂತಿತ್ತು. ಐವತ್ತು ವರ್ಷದ ಚಾಳಿ. ತುಟಿ ಕಚ್ಚಿಕೊಂಡೆ. ಮೇಡಂ ಕೈಯಲ್ಲಿ ಸ್ಟಾಪ್‌ವಾಚು ಇತ್ತು, ಅವರು ಅದನ್ನು ನೋಡದೆ ಮೇಜಿನ ಮೇಲೆ ಬೋರಲು ಹಾಕಿದರು. ಎಷ್ಟು ಹೊತ್ತಾಯಿತೋ ಯಾರೂ ಎಣಿಸಲಿಲ್ಲ.

“ಕ್… ಕೇಳ್ಲಿಲ್ಲ.”

ದೊಡ್ಡ ಸರ್ ಕನ್ನಡಕ ತೆಗೆದರು. ಅದನ್ನು ಒರೆಸಿಕೊಳ್ಳುತ್ತಾ, ನಡಾವಳಿಗೆ ಹಾಕಿಕೊಳ್ಳಿ, ಆದರೆ ವಿಚಾರಿಸಲಿಲ್ಲ ಅಂತಲೋ, ಕಿವಿಗೆ ಬೀಳಲಿಲ್ಲ ಅಂತಲೋ, ಸ್ಪಷ್ಟವಾಗಿ ಬಿಡಿಸಿ ಬರೆಯಿರಿ ಅಂದರು. ನಾನು ಬಿಡಿಸಲಿಲ್ಲ. ಅವನು ಅಷ್ಟು ಕಷ್ಟಪಟ್ಟು ಆಡಿದ ಮಾತಿಗೆ ಬೇರೆ ಮಾತು ಹಾಕಲು ನಾನ್ಯಾರು? ‘ಯಾರೂ ಕೇಳಲಿಲ್ಲ’ ಅಂತಲೇ ಬರೆದೆ. ಆ ಯಾರೂ ಅನ್ನುವುದರಲ್ಲಿ ಅವರೆಲ್ಲರಿಗಿಂತ ಮೊದಲು ನಾನಿದ್ದೆ.